ಸ್ತನ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಡ್ರೈನ್ ನೋಡಿಕೊಳ್ಳುವುದು

ಸ್ತನ ಅಥವಾ ಕಂಕುಳಿನ ಗ್ರಂಥಿಗಳನ್ನು ತೆಗೆದ ಜಾಗದಲ್ಲಿ ದ್ರವ ತುಂಬದಿರಲೆಂದು ಚರ್ಮದಡಿ ಸಣ್ಣ ಕೊಳವೆ ಇಟ್ಟು, ತುದಿಗೆ ಮೆತ್ತನೆಯ ಬುಡ್ಡಿ ಜೋಡಿಸಿರುತ್ತಾರೆ. ಇದೇ ಡ್ರೈನ್. ಬುಡ್ಡಿ ಹಿಂಡಿದಂತೆ ಚಪ್ಪಟೆಯಾಗಿದ್ದರೆ ಮಾತ್ರ ದ್ರವವನ್ನು ಎಳೆಯುತ್ತದೆ.

ಬೆಳಿಗ್ಗೆ, ಸಂಜೆ ಖಾಲಿ ಮಾಡಿ. ಸೋಪಿನಿಂದ ಕೈ ತೊಳೆದು, ಕೊಳವೆಯನ್ನು ಚರ್ಮದ ಹತ್ತಿರ ಒಂದು ಕೈಯಲ್ಲಿ ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯ ಎರಡು ಬೆರಳಿನಿಂದ ಒತ್ತುತ್ತಾ ಬುಡ್ಡಿಯತ್ತ ಜಾರಿಸಿ. ದಾರದಂಥ ಹೆಪ್ಪುಗಳು ಕೆಳಗಿಳಿಯುತ್ತವೆ. ಮುಚ್ಚಳ ತೆಗೆದು ಅಳತೆಯ ಲೋಟಕ್ಕೆ ಸುರಿದ ಮೇಲೆ, ಬುಡ್ಡಿಯನ್ನು ಪೂರ್ತಿ ಹಿಂಡಿ ಹಿಡಿದಂತೆಯೇ ಮುಚ್ಚಿ. ಕೈ ಸಡಿಲಿಸಿ ಮುಚ್ಚಿದರೆ ಎಳೆತವೇ ಇರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಎಷ್ಟು ಮಿ.ಲೀ. ಎಂದು ಆಗಲೇ ಬರೆದಿಡಿ. ಎರಡು ಡ್ರೈನ್ ಇದ್ದರೆ ಲೆಕ್ಕವೂ ಬೇರೆ ಬೇರೆ. ಕೆಂಪು ದ್ರವ ದಿನಕಳೆದಂತೆ ಗುಲಾಬಿ, ಆಮೇಲೆ ತಿಳಿಹಳದಿಯಾಗಬೇಕು. 24 ಗಂಟೆಯ ಒಟ್ಟು ಎರಡು ದಿನ ಸತತವಾಗಿ ಸುಮಾರು 30 ಮಿ.ಲೀ.ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ದಯವಿಟ್ಟು ಅವಸರಪಡಿಸಬೇಡಿ: ಬೇಗ ತೆಗೆಸಿದರೆ ದ್ರವ ಒಳಗೇ ನಿಂತು ಸೂಜಿಯಿಂದ ತೆಗೆಸಬೇಕಾದೀತು.

ಬುಡ್ಡಿ ಗಾಯಕ್ಕಿಂತ ಕೆಳಗಿರಲಿ, ಬಟ್ಟೆಗೆ ಪಿನ್ ಹಾಕಿ. ನೇತಾಡಿದರೆ ಹೊಲಿಗೆ ಜಗ್ಗುತ್ತದೆ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕೀವಿನ ವಾಸನೆ, ಕೊಳವೆ ಸುತ್ತ ಹರಡುವ ಕೆಂಪು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಬುಡ್ಡಿ ತಾಜಾ ರಕ್ತದಿಂದ ಬೇಗ ಬೇಗ ತುಂಬುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.