ಮುಚ್ಚಿದ ಟ್ಯಾನರಿ ಜಾಗದ ಮಣ್ಣು ತೋಟಕ್ಕೆ ಬರುವ ಮುನ್ನ

ಅಡಿಕೆ ಕೊಯ್ಲು ಮುಗಿದರೆ ಮಲೆನಾಡಿನಲ್ಲಿ ತೋಟಕ್ಕೆ ಹೊಸ ಮಣ್ಣು ಹೊಡೆಸುವ ಕಾಲ. ಎಲ್ಲೋ ಜಾಗ ಸಮ ಮಾಡಿದ ಮಣ್ಣು ಟಿಪ್ಪರಿನಲ್ಲಿ ಕಡಿಮೆ ದರಕ್ಕೆ ಬಂದರೆ ಬೇಡ ಎನ್ನುವವರು ಕಡಿಮೆ. ಆದರೆ ಆ ಜಾಗದಲ್ಲಿ ಹಿಂದೆ ಚರ್ಮ ಹದ ಮಾಡುತ್ತಿದ್ದರು ಎಂದು ಗೊತ್ತಾದರೆ ಟಿಪ್ಪರನ್ನು ಗೇಟಿನಲ್ಲೇ ನಿಲ್ಲಿಸಿ. ಮರದ ಬುಡಕ್ಕೆ ಹರಡಿ ಒಂದು ಮಳೆ ಕಂಡ ಮಣ್ಣನ್ನು ಮತ್ತೆ ಬಾಚಿ ತೆಗೆಯಲಾಗುವುದಿಲ್ಲ.

ಹದಕ್ಕೆ ಹಾಕುವ ಬೇಸಿಕ್ ಕ್ರೋಮಿಯಂ ಸಲ್ಫೇಟ್ ಎಂಬ ರಾಸಾಯನಿಕದಲ್ಲಿ ಸಾಮಾನ್ಯವಾಗಿ ಶೇ. 60–70ರಷ್ಟು ಮಾತ್ರ ತೊಗಲಿಗೆ ಹಿಡಿಯುತ್ತದೆ. ಉಳಿದದ್ದು ನೀರಿನ ಜೊತೆ ಹೊರಗೆ ಹೋಗುತ್ತದೆ. ಕ್ರೋಮಿಯಂ ಲೋಹಕ್ಕೆ ಮುಖ್ಯವಾಗಿ ಎರಡು ರೂಪ, ಹೀಗೆ ಹೋಗುವುದು ಕ್ರೋಮಿಯಂ-3. ಮಣ್ಣಿಗೆ ಕಚ್ಚಿಕೊಂಡು ಕೂರುತ್ತದೆ, ಸುಲಭಕ್ಕೆ ಕರಗುವುದಿಲ್ಲ. ಕ್ರೋಮಿಯಂ-6 ಹಾಗಲ್ಲ, ಕರಗಿ ಬಾವಿಗೆ ಇಳಿಯುತ್ತದೆ, ಕ್ಯಾನ್ಸರ್ ತರುತ್ತದೆ. ‘ಇರುವುದು ಮೂರು ತಾನೇ, ಏನೂ ಆಗುವುದಿಲ್ಲ’ ಎಂಬ ಸಮಾಧಾನವನ್ನು ಶಿವಮೊಗ್ಗ ಸೀಮೆಯಲ್ಲಿ ಒಪ್ಪಬೇಡಿ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಡೈಆಕ್ಸೈಡ್ ಮೂರನ್ನು ಆರು ಮಾಡಬಲ್ಲದು, ಮತ್ತು ಇದು ಕುಂಸಿಯಲ್ಲಿ ಮ್ಯಾಂಗನೀಸ್ ಗಣಿ ನಡೆದ ಸೀಮೆ.

ತಂಗಡಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಿದ್ದ ಹಳೇ ಜಾಗವಾದರೆ ಕ್ರೋಮಿಯಂ ಭಯ ಕಡಿಮೆ. ಆದರೂ ಹಸಿ ತೊಗಲಿಗೆ ಹಾಕಿದ ಉಪ್ಪು, ಕೂದಲು ತೆಗೆಯಲು ಬಳಸಿದ ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಉಳಿದಿರುತ್ತವೆ. ತುಂಬ ಹಳೆಯದಾದರೆ ಆರ್ಸೆನಿಕ್ ಕೂಡ ಇರಬಹುದು. ಹುಳು ಹಿಡಿಯದಿರಲೆಂದು ತೊಗಲಿಗೆ ಹಚ್ಚುತ್ತಿದ್ದರು, ಸುಣ್ಣದ ಜೊತೆಗೂ ಸೇರಿಸುತ್ತಿದ್ದರು. ಯಾವ ಹದ, ಸುಣ್ಣದ ಗುಂಡಿ ಎಲ್ಲಿತ್ತು, ಚರಂಡಿ ಯಾವ ಕಡೆ ಹರಿಯುತ್ತಿತ್ತು ಎಂಬುದನ್ನು ಅಲ್ಲಿ ಕೆಲಸ ಮಾಡಿದ ಹಿರಿಯರಲ್ಲಿ ಕೇಳಿ. ಅವರ ಒಂದು ಗಂಟೆಯ ಮಾತು ಹತ್ತು ಮಣ್ಣಿನ ಮಾದರಿ ಪರೀಕ್ಷಿಸುವ ಖರ್ಚು ಉಳಿಸುತ್ತದೆ.

ಜಾಗಕ್ಕೆ ಹೋಗುವಾಗ ಗಂಬೂಟು, ರಬ್ಬರ್ ಕೈಗವಸು, ಎನ್-95 ಮಾಸ್ಕ್ ಇರಲಿ. ಕೈಕಾಲಲ್ಲಿ ಗಾಯವಿದ್ದವರು ಅಗೆಯಬಾರದು. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನದ ತೊಗಲು ಬಂದಿದ್ದರೆ ಅದರ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಇದೇ ಕಾರಣಕ್ಕೆ ಅಲ್ಲಿ ದನವನ್ನೂ ಮೇಯಲು ಬಿಡಬೇಡಿ. ಮುಚ್ಚಳವಿರುವ ಗುಂಡಿ, ತೊಟ್ಟಿಗೆ ಯಾವ ಕಾರಣಕ್ಕೂ ಇಳಿಯಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ‘ವಾಸನೆ ಹೋಯಿತು’ ಅಂದುಕೊಂಡು ಇಳಿದವರನ್ನು, ಎತ್ತಲು ಹೋದವರನ್ನು ಅದು ಒಟ್ಟಿಗೇ ಕೊಲ್ಲುತ್ತದೆ. ಆ ಗುಂಡಿಗೆ ಆಸಿಡ್ ಸುರಿದರೂ ಇದೇ ಗ್ಯಾಸ್ ಏಳುತ್ತದೆ.

ನೆಲದಲ್ಲಿ ತೊಗಲಿನ ಚೂರು ಸಿಕ್ಕರೆ ಅದೇ ಮೊದಲ ಸಾಕ್ಷಿ. ಎರಡು ಬೆರಳಗಲದ ಚೂರನ್ನು ತೊಳೆದು ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ. ಮೇಲಿನ ಬಣ್ಣ ನಂಬಬೇಡಿ, ಬಣ್ಣ ಕಟ್ಟಿರುತ್ತಾರೆ. ಕತ್ತರಿಸಿದ ಅಂಚಿನ ನಡುವೆ ನೋಡಿ. ನೀಲಿ ಬೂದು ಅಥವಾ ಮಾಸಿದ ಹಸಿರು ಇದ್ದರೆ ಕ್ರೋಮ್ ಹದ, ಉದ್ದಕ್ಕೂ ಕಂದು ಇದ್ದರೆ ತೊಗಟೆ ಹದ. ಅನುಮಾನ ಉಳಿದರೆ ಚೂರನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದುಕೊಳ್ಳಿ. ಅಂಗಳದಾಚೆ ಹಳೇ ಡಬ್ಬದಲ್ಲಿ ನೀರು ಚೆನ್ನಾಗಿ ಕುದಿಸಿ ಮೂರು ನಿಮಿಷ ಹಾಕಿ ತೆಗೆಯಿರಿ. ತೊಗಟೆ ಹದದ್ದು ಮುದುಡಿ ಸುರುಟಿಕೊಂಡು ಗೆರೆಯೊಳಗೆ ಚಿಕ್ಕದಾಗುತ್ತದೆ. ಕ್ರೋಮ್ ಹದದ್ದು ಹೆಚ್ಚುಕಡಿಮೆ ಗೆರೆಗೆ ಸರಿಯಾಗಿಯೇ ಕೂರುತ್ತದೆ. ಆ ಡಬ್ಬ ಮತ್ತೆ ಮನೆಗೆ ಬೇಡ. ಸುಟ್ಟು ನೋಡುವ ಪದ್ಧತಿಯೂ ಬೇಡ: ಕ್ರೋಮ್ ತೊಗಲು ಸುಟ್ಟರೆ ಬೂದಿಯಲ್ಲಿ ಕ್ರೋಮಿಯಂ-6 ಆಗುತ್ತದೆ. ಹಿಂದೆ ಚೂರುಗಳನ್ನು ರಾಶಿ ಹಾಕಿ ಸುಟ್ಟ ಕರಿ ಜಾಗವಿದ್ದರೆ ಮಾದರಿ ತೆಗೆಯಲು ಮೊದಲು ಅಲ್ಲಿಗೇ ಹೋಗಿ.

ಉಳಿದ ಮಾದರಿಗಳನ್ನು ಸುಣ್ಣದ ಗುಂಡಿಯ ಅಂಚು, ಹದದ ತೊಟ್ಟಿಯ ಬುಡ, ಕೆಸರಿನ ರಾಶಿ, ಚರಂಡಿ ಹಳ್ಳಕ್ಕೆ ಸೇರುವ ಬಾಯಿ ಇಲ್ಲಿಂದ ತೆಗೆಯಿರಿ. ಜೊತೆಗೆ ಟ್ಯಾನರಿ ಜಾಗಕ್ಕಿಂತ ಎತ್ತರದಲ್ಲಿರುವ, ಟ್ಯಾನರಿಯ ನೀರು ಹರಿದು ಬರದ ಕಡೆಯ ಒಂದು ಮಾದರಿ ಕಡ್ಡಾಯ. ಕೆಲವು ಕಲ್ಲಿನ ಮಣ್ಣಿನಲ್ಲಿ ಕ್ರೋಮಿಯಂ ಹುಟ್ಟಿನಿಂದಲೇ ಹೆಚ್ಚಿರುತ್ತದೆ. ಹೋಲಿಸಲು ಈ ಮಾದರಿ ಇಲ್ಲದಿದ್ದರೆ ವರದಿ ಬಂದರೂ ವಾದ ನಿಲ್ಲುವುದಿಲ್ಲ. ಅದನ್ನು ಅಡಿಕೆ ತೋಟದಿಂದ ತರಲೇಬೇಡಿ. ವರ್ಷವರ್ಷ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ಮಣ್ಣಿನಲ್ಲಿ ತಾಮ್ರ ಏರಿರುತ್ತದೆ, ಅದು ಹೋಲಿಕೆಗೆ ಸರಿಯಾದ ಮಣ್ಣಲ್ಲ.

ಪ್ರತಿ ಕಡೆ 60 ಸೆಂ.ಮೀ. ಆಳದ ಗುಂಡಿ ತೋಡಿ 0–15, 15–30, 30–60 ಸೆಂ.ಮೀ. ಪದರಗಳಿಂದ ಬೇರೆಬೇರೆಯಾಗಿ ಅರ್ಧ ಕೆಜಿ ತೆಗೆಯಿರಿ. ತೋಡಲು ಸಾದಾ ಕಬ್ಬಿಣದ ಗುದ್ದಲಿ ಸಾಕು. ಮಾದರಿಯನ್ನು ಮಾತ್ರ ಬಿದಿರಿನ ಸೀಳಿನಿಂದ ಕೆರೆಯಿರಿ. ಸ್ಟೀಲ್ ಸೌಟು ಬೇಡ, ಸ್ಟೇನ್‌ಲೆಸ್ ಸ್ಟೀಲ್‌ನಲ್ಲೇ ಕ್ರೋಮಿಯಂ ಇದೆ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಕೆರೆಯುತ್ತಾ ಬನ್ನಿ. ಮೇಲಿನಿಂದ ಶುರು ಮಾಡಿದರೆ ಮೇಲ್ಮಣ್ಣು ಉದುರಿ ಕೆಳಗಿನ ಪದರವನ್ನೂ ಕೆಡಿಸುತ್ತದೆ, ವಿಷ ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ತಿಳಿಯುವುದಿಲ್ಲ. ರೈತರ ಕೈಯಲ್ಲಿ ಹೆಚ್ಚಾಗಿ ಆಗುವ ಇನ್ನೊಂದು ತಪ್ಪು, ಅಭ್ಯಾಸದಂತೆ ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಕಳಿಸುವುದು. ಕ್ರೋಮಿಯಂ-6 ನೋಡಬೇಕಾದ ಮಣ್ಣು ಹಸಿಯಾಗಿಯೇ, ಡಬ್ಬದ ತುಂಬ, ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಕ್ರೋಮಿಯಂ ಇಲ್ಲ. ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಕೊಟ್ಟು ‘ಒಟ್ಟು ಕ್ರೋಮಿಯಂ, ಕ್ರೋಮಿಯಂ-6, ಆರ್ಸೆನಿಕ್, ಪಿಎಚ್’ ಎಂದು ಬರೆದು ಕೇಳಿ.

ಬಾವಿ ನೀರಿಗೆ ಎರಡು ಬಾಟಲಿ ಬೇಕು. ಒಟ್ಟು ಕ್ರೋಮಿಯಂ, ಆರ್ಸೆನಿಕ್‌ಗೆ ಪ್ರಯೋಗಾಲಯದವರೇ ನೈಟ್ರಿಕ್ ಆಸಿಡ್ ಹಾಕಿ ಕೊಡುವ ಬಾಟಲಿ. ಅದನ್ನು ತೊಳೆಯಬೇಡಿ, ಉಕ್ಕಿ ಹರಿಸಬೇಡಿ. ಕ್ರೋಮಿಯಂ-6ಕ್ಕೆ ಆಸಿಡ್ ಇಲ್ಲದ ಬಾಟಲಿ, ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ತಲುಪಬೇಕು. ಇದಕ್ಕೆ ಆಸಿಡ್ ಬಿದ್ದರೆ ಆರು ಮೂರಾಗಿಬಿಡಬಹುದು, ವರದಿ ಸುಳ್ಳೇ ಚೆನ್ನಾಗಿ ಬರುತ್ತದೆ. ಶನಿವಾರ ಕಳಿಸಬೇಡಿ. ಕೊಳವೆ ಬಾವಿಯಾದರೆ ಹತ್ತು ನಿಮಿಷ ನೀರು ಬಿಟ್ಟು, ಹೊಳೆಯುವ ಕ್ರೋಮ್ ನಲ್ಲಿಯಿಂದಲ್ಲದೆ ಪೈಪಿನಿಂದಲೇ ಹಿಡಿಯಿರಿ. ಮೇ ಕೊನೆಗೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ನೋಡಿ. ಆಷಾಢದಲ್ಲಿ ಬಾವಿ ತುಂಬಿ ತುಳುಕುವಾಗ ತೆಗೆದ ಒಂದೇ ಮಾದರಿ ನಂಬಿ ನೀರು ಕುಡಿಯಬೇಡಿ.

ಕುಡಿಯುವ ನೀರಿಗೆ ಐಎಸ್ 10500 ಎಂಬ ಭಾರತೀಯ ಮಾನಕದ ಪ್ರಕಾರ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿ.ಗ್ರಾಂ, ಆರ್ಸೆನಿಕ್ 0.01 ಮಿ.ಗ್ರಾಂ ಮೀರಬಾರದು. ಈ ಮಟ್ಟದಲ್ಲಿ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ನೀರು ಹಳದಿ ಕಾಣುವ ಹೊತ್ತಿಗೆ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಕ್ರೋಮಿಯಂ ತೋರಿಸದು, ಆದರೆ ಸುತ್ತಲಿನ ಬಾವಿಗಳೆಲ್ಲ 100ರ ಆಸುಪಾಸಿದ್ದು ಒಂದೇ ಬಾವಿ 700 ತೋರಿಸಿದರೆ ಟ್ಯಾನರಿಯ ಉಪ್ಪು ಅಲ್ಲಿಗೆ ಬಂದಿರಬಹುದು. ಮೊದಲು ಆ ಬಾವಿ ಪರೀಕ್ಷಿಸಿ.

ಮಿತಿ ಮೀರಿದ ನೀರನ್ನು ಕುದಿಸಿದರೆ ನೀರು ಆವಿಯಾಗಿ ಕ್ರೋಮಿಯಂ ಪ್ರಮಾಣ ಇನ್ನಷ್ಟು ಏರುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ಇದಕ್ಕೆ ನಾಟುವುದಿಲ್ಲ. ಬ್ಲೀಚಿಂಗ್ ಪೌಡರ್ ಬಾವಿಯಲ್ಲಿರುವ ಮೂರನ್ನೂ ಆರು ಮಾಡಬಲ್ಲದು, ಆ ಬಾವಿಗೆ ಹಾಕದಂತೆ ಪಂಚಾಯಿತಿಗೆ ತಿಳಿಸಿ. ಬೇರೆ ನೀರು ಸಿಗುವವರೆಗೆ ಆರ್‌ಒ ಆಗಬಹುದು, ಅದರಿಂದ ಹೊರಬರುವ ನೀರು ಸೊಪ್ಪಿನ ಮಡಿಗೆ ಹೋಗಬಾರದು. ಮಣ್ಣಿಗೆ ಸುಣ್ಣ ಚೆಲ್ಲುವ ಸಲಹೆಯನ್ನೂ ಕೇಳಬೇಡಿ. ನಮ್ಮ ಹುಳಿ ಕೆಂಪುಮಣ್ಣಿನ ಕಬ್ಬಿಣ ಕ್ರೋಮಿಯಂ-6 ಅನ್ನು ಒಂದಷ್ಟು ಹಿಡಿದಿಟ್ಟಿರುತ್ತದೆ. ಸುಣ್ಣ ಬಿದ್ದು ಪಿಎಚ್ ಏರಿದರೆ ಆ ಹಿಡಿತ ಸಡಿಲುತ್ತದೆ. ಫೆರಸ್ ಸಲ್ಫೇಟ್ ಆರನ್ನು ಮೂರು ಮಾಡುವುದು ನಿಜ: ಒಂದು ಗ್ರಾಂ ಕ್ರೋಮಿಯಂ-6ಕ್ಕೆ ಲೆಕ್ಕದಲ್ಲೇ 16 ಗ್ರಾಂ ಹರಳು, ಕೆಲಸದಲ್ಲಿ ಅದಕ್ಕಿಂತ ಹೆಚ್ಚು. ಆದರೆ ಮ್ಯಾಂಗನೀಸ್ ಇರುವ ಮಣ್ಣಿನಲ್ಲಿ ಅದು ಮತ್ತೆ ಆರಾಗಬಹುದು. ಇದು ತಜ್ಞರ ಕೆಲಸ, ಮನೆಯವರದ್ದಲ್ಲ.

ಊರಿನವರು ಮಾಡಬಹುದಾದದ್ದು, ಮಳೆನೀರು ಕೆಸರಿನ ರಾಶಿಗೆ ತಾಗದಂತೆ ನೋಡಿಕೊಳ್ಳುವುದು. ಜಾಗದ ಯಜಮಾನರ ಒಪ್ಪಿಗೆ ಪಡೆದು, ಮುಂಗಾರಿಗೆ ಮುಂಚೆ ರಾಶಿಯ ಮೇಲ್ಗಡೆ ಒಂದೂವರೆ ಅಡಿ ಆಳದ ಅಗಳು ಹೊಡೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ರಾಶಿಗೆ ದಪ್ಪ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿ. ಕೆಳಗಿನ ಬದುವಿಗೆ ಲಾವಂಚ ನೆಟ್ಟರೆ ಮಣ್ಣು ಜಾರದು. ಕ್ರೋಮಿಯಂ ಬೇರಿನಲ್ಲೇ ಸೇರುವುದರಿಂದ ಆ ಬೇರನ್ನು ಮಾರಬಾರದು.

ಮಲಿನಗೊಂಡ ಜಾಗಗಳಿಗಾಗಿ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಜಿಲ್ಲಾಡಳಿತ ಶಂಕಿತ ಜಾಗಗಳನ್ನು ವರದಿ ಮಾಡಬೇಕು, ಮಾಹಿತಿ ಬಂದ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಆಗಬೇಕು. ಅರ್ಜಿಯನ್ನು ಜಿಲ್ಲಾಧಿಕಾರಿಗೆ ಬರೆದು, ಒಂದು ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ ಕೊಡಿ. ಸರ್ವೆ ನಂಬರ್, ಪಹಣಿ, ಗುಂಡಿಗಳನ್ನು ಗುರುತಿಸಿದ ಕೈನಕ್ಷೆ, ಪ್ರಯೋಗಾಲಯದ ವರದಿ, ಹತ್ತಿರದ ಬಾವಿಗಳ ಪಟ್ಟಿ ಲಗತ್ತಿಸಿ. ಮಣ್ಣು ಸಾಗಣೆ ನಡೆಯುತ್ತಿದ್ದರೆ ದಿನಾಂಕ ಮತ್ತು ಟಿಪ್ಪರ್ ನಂಬರನ್ನೂ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳಿ. 90 ದಿನದ ಲೆಕ್ಕ ಕೇಳಲು ಆ ತಾರೀಖು ಬೇಕು.