ಲೈನ್ ಹೋಯಿತೋ, ಸರ್ವರ್ ಹೋಯಿತೋ?

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬರುವ ಪ್ರತಿ ಚೀಲದ ತೂಕ, ಯಾರ ಮಾಲು, ಎಷ್ಟಕ್ಕೆ ಹೋಯಿತು, ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಮೊದಲು ಸರ್ವರ್ ಒಂದೇ ಇತ್ತು. ಅದು ನಿಂತರೆ ಬೆಳೆಗಾರರು ಚೀಲ ಇಳಿಸಿಕೊಂಡು ಸುಮ್ನೆ ಕಾಯಬೇಕಿತ್ತು. ಹಾಗಾಗಿ ತೀರ್ಥಹಳ್ಳಿ ಶಾಖೆಯಲ್ಲಿ ಇನ್ನೊಂದು ಮಿಷನ್ ಇಟ್ಟೆ.

ನಕಲು ಕಳಿಸುವುದು ಕಷ್ಟವಾಗಲಿಲ್ಲ. ಒಂದು ಸರ್ವರ್‌ನಲ್ಲಿ ಬರೆದದ್ದನ್ನು ಬೆನ್ನಿಗೇ ಇನ್ನೊಂದಕ್ಕೆ ಕಳಿಸುವ ಸ್ಟ್ರೀಮಿಂಗ್ ರೆಪ್ಲಿಕೇಷನ್ ಪೋಸ್ಟ್‌ಗ್ರೆಸ್‌ಗೆ 2010ರಲ್ಲೇ ಬಂದಿದೆ. ಅದರ ಮೇಲೆ ನಾನೇ ಒಂದು ಸ್ಕ್ರಿಪ್ಟ್ ಬರೆದೆ. ಶಿವಮೊಗ್ಗ ಒಂದು ನಿಮಿಷ ಉತ್ತರ ಕೊಡದಿದ್ದರೆ ತೀರ್ಥಹಳ್ಳಿ ತಾನೇ ಯಜಮಾನ, ಅಂದರೆ ಹೊಸ ಲೆಕ್ಕ ಬರೆಯುವ ಸರ್ವರ್, ಆಗಬೇಕು.

ಆಷಾಢದ ಒಂದು ಮಧ್ಯಾಹ್ನ ಮಂಡಗದ್ದೆ ಕಡೆ ಮರ ಬಿದ್ದು ಫೈಬರ್ ಕಡಿಯಿತು. ಎರಡೂ ಸರ್ವರ್ ಗಟ್ಟಿಯಾಗೇ ಇದ್ದವು. ಹೋಗಿದ್ದು ನಡುವಿನ ದಾರಿ ಮಾತ್ರ. ತೀರ್ಥಹಳ್ಳಿಗೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ? ಯಜಮಾನ ಸತ್ತ ಎಂದುಕೊಂಡು ತಾನೇ ಬರೆಯಲು ಶುರು ಮಾಡಿತು. ಶಿವಮೊಗ್ಗವೂ ಬರೆಯುತ್ತಲೇ ಇತ್ತು. ಸಂಜೆ ಲೈನ್ ಬಂದಾಗ ಒಂದೇ ರಸೀದಿ ನಂಬರಿನಲ್ಲಿ ಇಬ್ಬರು ಬೆಳೆಗಾರರ ಮಾಲು ಇತ್ತು. ಸ್ಪ್ಲಿಟ್ ಬ್ರೈನ್ ಅನ್ನುವುದು ಇದನ್ನೇ. ಕಾಗದದ ರಸೀದಿ ಹರಡಿಕೊಂಡು ಒಂದೊಂದೇ ಸಾಲು ಕೂಡಿಸಲು ಮೂರು ದಿನ ಹಿಡಿಯಿತು. ಒಬ್ಬರ ವರ್ಷದ ದುಡಿಮೆ ಇನ್ನೊಬ್ಬರ ಲೆಕ್ಕಕ್ಕೆ ಹೋದರೆ ಏನು ಗತಿ ಎಂಬ ಭಯ ಆ ಮೂರು ದಿನವೂ ಬಿಡಲಿಲ್ಲ.

ಇಬ್ಬರೇ ಇದ್ದರೆ ಜಗಳ ತೀರುವುದಿಲ್ಲ. ಮೂರನೆಯ ಮತ ಬೇಕು. ಸ್ಕ್ರಿಪ್ಟ್ ಕಿತ್ತುಹಾಕಿ, ಪೋಸ್ಟ್‌ಗ್ರೆಸ್ ಸರ್ವರ್‌ಗಳಲ್ಲಿ ಯಜಮಾನ ಯಾರೆಂದು ನೋಡಿಕೊಳ್ಳುವ ಪ್ಯಾಟ್ರೋನಿ ಎಂಬ ತಂತ್ರಾಂಶ ಹಾಕಿದೆ. ಅದಕ್ಕಾಗಿ ಮತದ ಲೆಕ್ಕ ಇಡುವ ಇಟಿಸಿಡಿಯನ್ನು ಮೂರು ಕಡೆ ಇಟ್ಟೆ: ಶಿವಮೊಗ್ಗ, ತೀರ್ಥಹಳ್ಳಿ, ಮತ್ತೆ ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆದ ಒಂದು ಪುಟ್ಟ ಮಿಷನ್. ಬೆಂಗಳೂರಿನದರಲ್ಲಿ ಡೇಟಾ ಇಲ್ಲ, ಬರೀ ಮತ. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಒಬ್ಬ ಯಜಮಾನ.

ನನಗೆ ತುಂಬಾ ಹಿಡಿಸಿದ್ದು ಪ್ಯಾಟ್ರೋನಿಯ ಒಂದು ಗುಣ. ಯಜಮಾನಿಕೆಯ ಚೀಟಿಗೆ ಆಯುಷ್ಯ 30 ಸೆಕೆಂಡ್. ಇರುವ ಯಜಮಾನ ಅದನ್ನು ಮತ್ತೆಮತ್ತೆ ನವೀಕರಿಸುತ್ತಿರಬೇಕು. ಆಗದಿದ್ದರೆ ಅವನೇ ಬರೆಯುವುದನ್ನು ನಿಲ್ಲಿಸಿ ಕೆಳಗಿಳಿಯುತ್ತಾನೆ. ನನ್ನ ಸ್ಕ್ರಿಪ್ಟ್‌ನಲ್ಲಿ ಇಲ್ಲದ್ದು ಇದೇ. ನಾನು ಹೊಸಬನನ್ನು ಕೂರಿಸುವುದನ್ನಷ್ಟೇ ಬರೆದಿದ್ದೆ, ಹಳಬನನ್ನು ಇಳಿಸುವುದನ್ನು ಬರೆದಿರಲಿಲ್ಲ.

ತೂಕದ ಒಂದು ಸಾಲೂ ಕಳೆಯಬಾರದು ಎಂದು ಸಿಂಕ್ರೋನಸ್ ಮೋಡ್ ಕೂಡ ಹಾಕಿದೆ. ತೀರ್ಥಹಳ್ಳಿಗೆ ಮುಟ್ಟಿದ ಮೇಲೇ ಇಲ್ಲಿ ಕಮಿಟ್, ಅಂದರೆ ಬರೆದದ್ದು ಪಕ್ಕಾ. ಸ್ವಲ್ಪ ನಿಧಾನ, ಇರಲಿ. ಸ್ಟ್ಯಾಂಡ್‌ಬೈ, ಅಂದರೆ ನಕಲು ಇಟ್ಟುಕೊಂಡ ಸರ್ವರ್, ಪೂರ್ತಿ ಕೈಕೊಟ್ಟರೆ ಪ್ಯಾಟ್ರೋನಿ ಈ ನಿಯಮ ಸಡಿಲಿಸಿ ಶಿವಮೊಗ್ಗ ಒಂದೇ ನಡೆಯಲು ಬಿಡುತ್ತದೆ, ಆದರೆ ಹಿಂದೆ ಬಿದ್ದ ಆ ಸ್ಟ್ಯಾಂಡ್‌ಬೈಯನ್ನು ತಾನಾಗಿ ಯಜಮಾನ ಮಾಡುವುದಿಲ್ಲ. ಕೆಳಗಿಳಿದ ಹಳೆಯ ಸರ್ವರ್ ವಾಪಸ್ ಸೇರಲು, ಅದರ ಡೇಟಾವನ್ನು ಹೊಸ ಯಜಮಾನನಿಗೆ ಹೊಂದಿಸುವ ಪಿಜಿ ರಿವೈಂಡ್ ಎಂಬ ಸಾಧನ ಬೇಕು. ಅದಕ್ಕೆ ಪೋಸ್ಟ್‌ಗ್ರೆಸ್‌ನ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗ್ ಮೊದಲೇ ಆನ್ ಆಗಿರಬೇಕು, ಮರೆಯಬೇಡಿ. ಆ್ಯಪ್‌ನ ಕನೆಕ್ಷನ್‌ನಲ್ಲಿ ಎರಡೂ ಸರ್ವರ್ ಹೆಸರು ಕೊಟ್ಟು, ಬರೆಯಲು ಬಿಡುವವನ ಹತ್ತಿರವೇ ಹೋಗು ಎಂದು ಹೇಳಿದ್ದೇನೆ.

ಬ್ಯಾಕಪ್ ಬೇರೆಯೇ ಇದೆ. ಯಾರೋ ತಪ್ಪಿ ಡಿಲೀಟ್ ಒತ್ತಿದರೆ ಸ್ಟ್ಯಾಂಡ್‌ಬೈಯಲ್ಲೂ ಅದೇ ಕ್ಷಣಕ್ಕೆ ಅಳಿಯುತ್ತದೆ.

ಈಗ ತಿಂಗಳಿಗೊಂದು ಭಾನುವಾರ ಮಂಡಿ ಖಾಲಿ ಇರುವಾಗ ಶಿವಮೊಗ್ಗದ ನೆಟ್‌ವರ್ಕ್ ಕೇಬಲ್ ಕೈಯಾರೆ ಕಿತ್ತು ನೋಡುತ್ತೇನೆ. ಹೋದ ಸಲ ಮುಕ್ಕಾಲು ನಿಮಿಷದಲ್ಲಿ ತೀರ್ಥಹಳ್ಳಿ ಬರೆಯಲು ಶುರು ಮಾಡಿತು. ಶಾಖೆಯೇ ಒಂಟಿಯಾದರೆ ಅಲ್ಲಿಯ ಸರ್ವರ್ ಓದಲು ಮಾತ್ರ ಬಿಡುತ್ತದೆ. ಅಷ್ಟು ಹೊತ್ತು ತೂಕವನ್ನು ಪುಸ್ತಕದಲ್ಲಿ ಬರೆಯಲು ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಪುಸ್ತಕ, ಕಾರ್ಬನ್ ಹಾಳೆ ಎರಡೂ ಕೌಂಟರಿನ ಮೇಲಿನ ಡ್ರಾಯರ್‌ನಲ್ಲೇ ಇರುತ್ತವೆ.