ಏಷ್ಯಾ ಜೂನಿಯರ್ ಬ್ಯಾಡ್ಮಿಂಟನ್‌ಗೆ ಮಕ್ಕಳ ಹೆಸರು ಹೋಗೋದು ಹೇಗೆ?

ಮಗಳ ಆಟದ ವಿಡಿಯೋ, ಸರ್ಟಿಫಿಕೇಟು ಎಲ್ಲಾ ಸೇರಿಸಿ ನೇರವಾಗಿ ಬ್ಯಾಡ್ಮಿಂಟನ್ ಏಷ್ಯಾಗೇ ಮೇಲ್ ಹಾಕಿ ಉತ್ತರಕ್ಕೆ ಕಾಯ್ತಾ ಕೂರೋ ಅಪ್ಪ-ಅಮ್ಮಂದಿರನ್ನ ತುಂಬಾ ನೋಡಿದೀನಿ. ಅದರಿಂದ ಏನೂ ಆಗಲ್ಲ. 1959ರಲ್ಲಿ ಕೌಲಾಲಂಪುರದಲ್ಲಿ ಶುರುವಾದ ಈ ಒಕ್ಕೂಟಕ್ಕೆ ಸದಸ್ಯರು ಆಟಗಾರರಲ್ಲ, ಆಯಾ ದೇಶದ ಸಂಘಗಳು. ನಮ್ಮ ಮಕ್ಕಳ ಎಂಟ್ರಿ ಕಳಿಸೋದು ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆ, ಅಂದ್ರೆ ಬಿಎಐ ಮಾತ್ರ. ಹಾಗಾಗಿ ಕೆಳಗಿನ ಮೆಟ್ಟಿಲಿಂದಲೇ ಹತ್ಬೇಕು.

ಹೆಜ್ಜೆ 1: ಕರ್ನಾಟಕ ಬ್ಯಾಡ್ಮಿಂಟನ್ ಅಸೋಸಿಯೇಷನ್‌ನಲ್ಲಿ ನೋಂದಣಿ, ಜೊತೆಗೆ ಬಿಎಐ ಐಡಿ, ಅಂದ್ರೆ ಆಟಗಾರರ ಗುರುತಿನ ನಂಬರ್. ಐಡಿ ಮಾಡ್ಸೋ ಮುಂಚೆ ಹೆಜ್ಜೆ 2ರಲ್ಲಿರೋ ದಾಖಲೆಗಳನ್ನ ಸರಿ ಮಾಡ್ಕೊಳ್ಳಿ. ಕೋಚ್‌ನ ಕೇಳಿದ್ರೆ ದಾರಿ ತೋರಿಸ್ತಾರೆ.

ಹೆಜ್ಜೆ 2: ವಯಸ್ಸು ಮತ್ತು ಹೆಸರು. ಜನ ಎಡವೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಓದಿ. ಲೆಕ್ಕ ಹುಟ್ಟಿದ ಇಸವಿದು, ಹುಟ್ಟುಹಬ್ಬದ್ದಲ್ಲ. 2026ರಲ್ಲಿ ಅಂಡರ್-15 ಆಡ್ಬೇಕಂದ್ರೆ 2012ರ ಜನವರಿ 1 ಅಥವಾ ಆಮೇಲೆ ಹುಟ್ಟಿರ್ಬೇಕು, ಅಂಡರ್-17ಗೆ 2010, ಅಂಡರ್-19ಗೆ 2008. ‘ಇನ್ನೂ ಹದಿನಾಲ್ಕೇ ತುಂಬಿರೋದು’ ಅಂತ ಡಿಸೆಂಬರ್ 2011ರ ಹುಡುಗನ್ನ ಅಂಡರ್-15ಗೆ ಹಾಕೋಕೆ ಹೋದ್ರೆ ಆಗಲ್ಲ. ಇನ್ನು ಹೆಸರು. ನಮ್ಮ ಕಡೆ ಶಾಲೆ ದಾಖಲೆಲಿ ‘ಆರ್. ಎಸ್.’ ಅಂತ ಇನಿಷಿಯಲ್ ಇರತ್ತೆ, ಆಧಾರ್‌ಲಿ ಅಪ್ಪನ ಹೆಸರು ಪೂರ್ತಿ ಇರತ್ತೆ, ಪಾಸ್‌ಪೋರ್ಟ್‌ಗೆ ಇನಿಷಿಯಲ್ ಬಿಡಿಸಿ ಬರೀಬೇಕು, ಜನನ ಪ್ರಮಾಣ ಪತ್ರದಲ್ಲಂತೂ ಎಷ್ಟೋ ಸಲ ಮಗುವಿನ ಹೆಸರೇ ಸೇರಿಸಿರಲ್ಲ. ಮೊದಲು ಜನನ ಪ್ರಮಾಣ ಪತ್ರ ಸರಿ ಮಾಡ್ಸಿ, ಅದನ್ನ ನೋಡ್ಕೊಂಡೇ ಆಧಾರ್, ಆಮೇಲೆ ಪಾಸ್‌ಪೋರ್ಟ್, ಕೊನೇಗೆ ಬಿಎಐ ಐಡಿ, ಒಂದೊಂದು ಅಕ್ಷರಾನೂ ಇಂಗ್ಲಿಷ್ ಸ್ಪೆಲಿಂಗ್ ಸಮೇತ ಒಂದೇ ಥರ ಇರ್ಲಿ. ಐಡಿ ಆಗಲೇ ಆಗಿದ್ರೆ ಇವತ್ತೇ ತೆಗ್ದು ಹೋಲಿಸಿ ನೋಡಿ. ವಯಸ್ಸು ಕಮ್ಮಿ ಮಾಡಿಸಿಕೊಡ್ತೀವಿ ಅನ್ನೋರು ಸಿಕ್ತಾರೆ, ಹತ್ರಾನೂ ಸೇರಿಸ್ಬೇಡಿ, ಅದು ಇನ್ನೊಂದು ಮಗುವಿನ ಜಾಗ ಕದ್ದ ಹಾಗೆ.

ಹೆಜ್ಜೆ 3: ರ‍್ಯಾಂಕಿಂಗ್ ಟೂರ್ನಿ ಆಡೋದು. ಮೊದಲು ರಾಜ್ಯದ್ದು, ಆಮೇಲೆ ಬಿಎಐದು. ‘ಏಷ್ಯನ್ ಓಪನ್’ ಅಂತ ದೊಡ್ಡ ಬ್ಯಾನರ್ ಹಾಕಿರೋ ಖಾಸಗಿ ಟೂರ್ನಿಗಳಿಗೆ ದುಡ್ಡು ಕಟ್ಟೋ ಮುಂಚೆ ಬಿಎಐ ಕ್ಯಾಲೆಂಡರ್‌ಲಿ ಅದು ಇದ್ಯಾ ನೋಡಿ, ಇಲ್ಲಾಂದ್ರೆ ಪಾಯಿಂಟ್ ಇಲ್ಲ. ಮತ್ತೆ, ಉಳಿತಾಯ ಅಂತ ನೈಲಾನ್ ಶಟಲ್‌ಲೇ ಪ್ರಾಕ್ಟೀಸ್ ಮಾಡಿಸ್ಬೇಡಿ, ಟೂರ್ನಿಲಿ ಗರಿ ಶಟಲ್ ಬಂದಾಗ ಮಗುವಿನ ಟೈಮಿಂಗೇ ತಪ್ಪತ್ತೆ. ಅಗ್ಗದ ಗರಿ ಶಟಲ್ ಅಲ್ಲಾಡ್ತಾ ಹಾರಿದ್ರೂ ಪರವಾಗಿಲ್ಲ, ನನ್ ಪ್ರಕಾರ ನೈಲಾನ್‌ಗಿಂತ ಅದೇ ಮೇಲು.

ಹೆಜ್ಜೆ 4: ಆಯ್ಕೆ. ರ‍್ಯಾಂಕಿಂಗ್, ಟ್ರಯಲ್ಸ್ ಎರಡರ ಬಗ್ಗೆನೂ ಬಿಎಐ ಸುತ್ತೋಲೆ ಹಾಕತ್ತೆ. ವಾಟ್ಸಾಪ್‌ಗೆ ಬಂದ ಫಾರ್ವರ್ಡ್ ನಂಬದೆ ಅದನ್ನೇ ಪೂರ್ತಿ ಓದಿ, ಕೊನೇ ದಿನಾಂಕ ಯಾವ್ದು, ಖರ್ಚು ಯಾರದು ಎಲ್ಲ ನೋಡ್ಕೊಳ್ಳಿ.

ಪಾಸ್‌ಪೋರ್ಟ್ ಮಾತ್ರ ಆಯ್ಕೆ ಆಗೋ ತನಕ ಕಾಯದೆ ಈಗಲೇ ಮಾಡ್ಸಿ. 2024ರ ಅಂಡರ್-17, ಅಂಡರ್-15 ಏಷ್ಯಾ ಟೂರ್ನಿ ಚೀನಾದ ಚೆಂಗ್ಡುನಲ್ಲಿತ್ತು, ವೀಸಾ ಬೇಕಿತ್ತು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯತ್ತೆ, ಅದರಲ್ಲೂ ಆರು ತಿಂಗಳು ಬಾಕಿ ಇರ್ಲೇಬೇಕು ಅನ್ನೋ ದೇಶಗಳೇ ಜಾಸ್ತಿ.